ಗುಂಗುರು ಕೂದಲಿಗೆ ಒಂದೇ ಒಂದು ಕೊಳ್ಳುವುದಾದರೆ ಜೆಲ್ ಕೊಳ್ಳಿ

ಗುಂಗುರು ಕೂದಲಿನವರಿಗೆ ಅಂತಲೇ ಮಾರುವ ಸಾಮಾನು ಈಗ ಒಂದು ಕಪಾಟು ತುಂಬುವಷ್ಟಿದೆ. ಲೀವ್-ಇನ್ ಕಂಡೀಷನರ್ (ಹಚ್ಚಿ ತೊಳೆಯದೆ ಬಿಡುವ ಕಂಡೀಷನರ್), ಕರ್ಲ್ ಕ್ರೀಮ್, ಜೆಲ್, ನೊರೆಯಂಥ ಮೂಸ್, ಬಟರ್ (ಶಿಯಾದಂಥ ಬೀಜದ ಗಟ್ಟಿ ಕೊಬ್ಬು), ಸೀರಮ್, ಎಣ್ಣೆ. ಇವೆಲ್ಲವನ್ನೂ ನನ್ನ ತಲೆಗೂ ಮಗಳ ತಲೆಗೂ ಹಚ್ಚಿ ನೋಡಿದ್ದೇನೆ. ಎಲ್ಲವೂ ಬೇಕಾಗಿಲ್ಲ. ಒಂದೇ ಒಂದು ಡಬ್ಬಿ ಕೊಳ್ಳುವುದಾದರೆ ಜೆಲ್ ತೆಗೆದುಕೊಳ್ಳಿ. ಎರಡು ಕೊಳ್ಳುವುದಾದರೆ ಜೆಲ್ ಜೊತೆಗೆ ಒಂದು ಲೀವ್-ಇನ್. ಉಳಿದದ್ದು ಕೂದಲು ಕೇಳಿದರೆ ಮಾತ್ರ. ತುಂಬಾ ಬಿಗಿಯಾದ ಸುರುಳಿ ಇರುವವರಿಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಕಂಪನಿಗಳ ಹೆಸರು ಹೇಳುವುದಿಲ್ಲ. ಹೆಸರು ಅದೇ ಇದ್ದರೂ ಒಳಗಿನ ಮಾಲು ಬದಲಾಗುತ್ತಿರುತ್ತದೆ. ಒಂದು ಕಡೆ ಸಿಗುವುದು ಇನ್ನೊಂದು ಕಡೆ ಸಿಗುವುದಿಲ್ಲ. ಡಬ್ಬಿಯ ಹಿಂದೆ ಬರೆದ ಪದಾರ್ಥಗಳ ಪಟ್ಟಿ ಓದಲು ಬಂದರೆ ಯಾವ ಅಂಗಡಿಗೆ ಹೋದರೂ ನಿಮಗೆ ಬೇಕಾದ್ದನ್ನು ನೀವೇ ಹುಡುಕಿಕೊಳ್ಳಬಹುದು.

ಮೊದಲು ನಮ್ಮಿಬ್ಬರ ಕೂದಲಿನ ವಿಷಯ. ಕೇಶವಿನ್ಯಾಸಕಾರ ಆಂಡ್ರೆ ವಾಕರ್ ಮಾಡಿದ ಒಂದು ವಿಂಗಡಣೆ ಇದೆ. ನೇರ ಕೂದಲು 1, ಅಲೆಅಲೆಯಾದದ್ದು 2, ಗುಂಗುರು 3, ತೀರಾ ಬಿಗಿ ಸುರುಳಿ 4. ಪ್ರತಿಯೊಂದರಲ್ಲೂ ಎ, ಬಿ, ಸಿ ಅಂತ ಒಳಭಾಗಗಳು. ನನ್ನದು 3ಬಿ ಆಸುಪಾಸು. ಎಳೆ ತೆಳು, ಆದರೆ ತಲೆತುಂಬಾ ಕೂದಲು. ಮಗಳದ್ದು 4ಎ. ಪೆನ್ಸಿಲ್‌ಗಿಂತ ಸಣ್ಣ ಸುರುಳಿಗಳು, ಒತ್ತೊತ್ತಾಗಿ. ಒಂದೇ ತಲೆಯಲ್ಲಿ ಎರಡು ಮೂರು ಬಗೆಯ ಸುರುಳಿ ಇರುವುದೂ ಮಾಮೂಲು. ನನ್ನ ಕುತ್ತಿಗೆ ಹತ್ತಿರದ ಕೂದಲು ಮುಂದಿನದಕ್ಕಿಂತ ಜಾಸ್ತಿ ಬಿಗಿ. ಹಾಗಾಗಿ ಈ ನಂಬರು ಒಂದು ಅಂದಾಜು ಅಷ್ಟೇ. ಏನು ಕೊಳ್ಳಬೇಕು ಅನ್ನುವುದಕ್ಕೆ ಎಳೆಯ ದಪ್ಪ ಎಷ್ಟು, ಬ್ಲೀಚ್ ಅಥವಾ ಬಣ್ಣ ಹಾಕಿಸಿದ್ದೀರಾ, ಕೂದಲು ಎಷ್ಟು ಬೇಗ ನೀರು ಕುಡಿಯುತ್ತದೆ, ಎಷ್ಟು ಬೇಗ ಒಣಗುತ್ತದೆ ಅನ್ನುವುದೇ ಮುಖ್ಯ. ನೀರು ಕುಡಿಯುವುದನ್ನು ತಿಳಿಯಲು ಲೋಟದ ನೀರಿನಲ್ಲಿ ಒಂದು ಎಳೆ ಹಾಕಿ ಮುಳುಗುತ್ತದಾ ತೇಲುತ್ತದಾ ಅಂತ ನೋಡುವ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಎಳೆಯ ಮೇಲೆ ಸ್ವಲ್ಪ ಜಿಡ್ಡಿದ್ದರೂ ಅದು ತೇಲುತ್ತದೆ.

ಈಗ ಜೆಲ್. ಯಾಕೆ ಜೆಲ್ ಅಂದರೆ, ಸುರುಳಿಯನ್ನು ಹಿಡಿದಿಡುವ ಕೆಲಸವನ್ನು ನಿಜವಾಗಿ ಮಾಡುವುದು ಅದೇ. ಕೂದಲು ಕೆರಾಟಿನ್ ಅನ್ನುವ ಪ್ರೋಟೀನ್‌ನಿಂದ ಆದದ್ದು. ಅದರೊಳಗೆ ಅಸಂಖ್ಯ ಹೈಡ್ರೋಜನ್ ಬಂಧಗಳಿವೆ. ನೀರು ತಾಗಿದರೆ ಅವು ಬಿಟ್ಟುಕೊಳ್ಳುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಒಣಗುವ ಹೊತ್ತಿನಲ್ಲಿ ಕೂದಲು ಯಾವ ಆಕಾರದಲ್ಲಿ ಇತ್ತೋ ಅದೇ ಆಕಾರ ನಿಲ್ಲುತ್ತದೆ. ಕೂದಲು ತನ್ನ ತೂಕದ ಸುಮಾರು ಶೇಕಡಾ 30ರಷ್ಟು ನೀರು ಹೀರಬಲ್ಲದು. ಹವೆಯಲ್ಲಿ ತೇವ ಜಾಸ್ತಿಯಾದರೆ ಆ ಬಂಧಗಳು ಮತ್ತೆ ಸಡಿಲಾಗಿ ಎಳೆಗಳು ಒಂದೊಂದು ದಿಕ್ಕಿಗೆ ಎದ್ದು ನಿಲ್ಲುತ್ತವೆ. ಜೆಲ್ ಒಣಗಿದಾಗ ಎಳೆಗಳ ಮೇಲೆ ಒಂದು ತೆಳು ಪದರ ಕಟ್ಟುತ್ತದೆ, ಪಕ್ಕಪಕ್ಕದ ಎಳೆಗಳನ್ನು ಒಂದು ಗೊಂಚಲಾಗಿ ಹಿಡಿದುಕೊಳ್ಳುತ್ತದೆ. ಕ್ರೀಮಿಗೆ ಈ ಶಕ್ತಿ ಇಲ್ಲ, ಎಣ್ಣೆಗಂತೂ ಇಲ್ಲವೇ ಇಲ್ಲ.

ಹಾಗಾಗಿ ಜೆಲ್ ಕೊಳ್ಳುವಾಗ ನಾನು ಮೊದಲು ನೋಡುವುದು ಪದರ ಕಟ್ಟುವ ವಸ್ತು ಯಾವುದು ಅಂತ. ಪಿವಿಪಿ, ವಿಪಿ/ವಿಎ ಕೊಪಾಲಿಮರ್, ಪಾಲಿಕ್ವಾಟರ್ನಿಯಂ-11, ಇವು ಪಟ್ಟಿಯಲ್ಲಿ ಕಾಣುವ ಹೆಸರುಗಳು. ಪಿವಿಪಿ ಹಳೆಯದು, ಅಗ್ಗದ್ದು, ಹಿಡಿತ ಚೆನ್ನಾಗಿದೆ. ಆದರೆ ಅದು ಹವೆಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದ ಹವೆಗೆ ನನ್ನ ಕೂದಲು ಮಧ್ಯಾಹ್ನದ ಹೊತ್ತಿಗೆ ಅಂಟಂಟಾಗುತ್ತದೆ. ವಿಪಿ/ವಿಎ ಅಷ್ಟು ತೇವ ಹೀರುವುದಿಲ್ಲ. ಅದಿರುವ ಜೆಲ್ ಹಚ್ಚಿದ ದಿನ ಸಂಜೆಯವರೆಗೂ ಸುರುಳಿ ಹಾಗೇ ಇರುತ್ತದೆ. ಕಾರ್ಬೋಮರ್ ಅಂತ ಇದ್ದರೆ ಅದು ಜೆಲ್ಲನ್ನು ಮಂದ ಮಾಡುವ ವಸ್ತು, ಹಿಡಿತಕ್ಕೆ ಅದನ್ನೇ ನೆಚ್ಚಿಕೊಳ್ಳಬೇಡಿ. ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ ಬರುತ್ತದೆ. ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಹೇಗೆ ಬೇಕಾದರೂ ಜೋಡಿಸಬಹುದು. ಡಬ್ಬಿಯ ಮುಂದೆ ದೊಡ್ಡದಾಗಿ ಹಣ್ಣಿನದೋ ಹೂವಿನದೋ ಚಿತ್ರ, ಹಿಂದೆ ನೋಡಿದರೆ ಅದರ ಸಾರ ಸುಗಂಧದ ಅಕ್ಕಪಕ್ಕದಲ್ಲಿ. ಅಂಥದ್ದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಹಚ್ಚುವ ಕ್ರಮಕ್ಕೆ ಬರೋಣ. ಅತಿ ಒಳ್ಳೆಯ ಜೆಲ್ಲೂ ಕೆಟ್ಟದ್ದು ಅನ್ನಿಸಿಕೊಳ್ಳುವುದು ಇಲ್ಲೇ. ಕೂದಲು ತೊಟ್ಟಿಕ್ಕುವಷ್ಟು ಒದ್ದೆ ಇರಬೇಕು. ಟವೆಲ್ ಸುತ್ತಿ, ಅರ್ಧ ಒಣಗಿದ ಮೇಲೆ ಹಚ್ಚಿದರೆ ಅಷ್ಟರಲ್ಲಿ ಎಳೆಗಳು ಬೇರೆಬೇರೆಯಾಗಿ ಕೆದರಿಕೊಂಡಿರುತ್ತವೆ. ಜೆಲ್ ಆ ಕೆದರಿದ್ದನ್ನೇ ಗಟ್ಟಿ ಮಾಡುತ್ತದೆ. ನಾನು ಬಚ್ಚಲಲ್ಲೇ, ತಲೆ ಬಗ್ಗಿಸಿಕೊಂಡೇ ಹಚ್ಚುತ್ತೇನೆ. ಕೂದಲನ್ನು ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿಗೂ ಎರಡು ಅಂಗೈ ನಡುವೆ ಕೂದಲಿಟ್ಟು ಮೇಲಿಂದ ಕೆಳಗೆ ಸವರುತ್ತೇನೆ. ಆಮೇಲೆ ತುದಿಯಿಂದ ಬುಡದ ಕಡೆಗೆ ಮುಷ್ಟಿಯಲ್ಲಿ ಹಿಡಿದು ಹಿಂಡುತ್ತೇನೆ. ಪಚಪಚ ಅನ್ನುವ ಸದ್ದು ಬರಬೇಕು. ಬರದಿದ್ದರೆ ಜೆಲ್ ಸುರಿಯಬೇಡಿ, ಸ್ವಲ್ಪ ನೀರು ಹಾಕಿ. ಹತ್ತಕ್ಕೆ ಎಂಟು ಸಲ ಕಡಿಮೆ ಬಿದ್ದಿರುವುದು ನೀರೇ. ಉಳಿದ ನೀರನ್ನು ಹಳೇ ಕಾಟನ್ ಟೀ ಶರ್ಟಿನಿಂದ ಒತ್ತಿ ತೆಗೆಯಿರಿ. ಟವೆಲ್‌ನಿಂದ ಗಸಗಸ ಉಜ್ಜಿದರೆ ಎಳೆಯ ಹೊರಪದರ ಏಳುತ್ತದೆ, ಕೂದಲು ಕೆದರುತ್ತದೆ.

ಇನ್ನು ಮುಟ್ಟಬೇಡಿ. ಇದೇ ಕಷ್ಟ, ಅಲ್ವಾ? ಕೈ ಸುಮ್ನೆ ಇರುವುದಿಲ್ಲ. ಪೂರ್ತಿ ಒಣಗುವ ತನಕ ಮುಟ್ಟಿದಷ್ಟೂ ಗೊಂಚಲು ಒಡೆಯುತ್ತದೆ. ಬೇಗ ಒಣಗಬೇಕಾದರೆ ಹೇರ್ ಡ್ರೈಯರ್‌ಗೆ ಡಿಫ್ಯೂಸರ್ ಹಾಕಿ, ಶಾಖ ಕಡಿಮೆ, ಗಾಳಿಯೂ ಕಡಿಮೆ ಇಟ್ಟು ಒಣಗಿಸಿ. ಡಿಫ್ಯೂಸರ್ ಅಂದರೆ ಡ್ರೈಯರ್ ಮೂತಿಗೆ ಸಿಕ್ಕಿಸುವ ತೂತುತೂತಿನ ಬಟ್ಟಲು. ಗಾಳಿ ಒಂದೇ ಕಡೆ ನುಗ್ಗದೆ ಹರಡಿ ಬರುತ್ತದೆ. ಜೆಲ್ ಬಿಟ್ಟರೆ ದುಡ್ಡು ಕೊಟ್ಟು ಕೊಂಡಿದ್ದಕ್ಕೆ ನನಗೆ ಅತ್ಯಂತ ಸಂತೋಷ ಕೊಟ್ಟ ವಸ್ತು ಇದು.

ಒಣಗಿದ ಮೇಲೆ ಕೂದಲು ಕಟಕಟ ಗಟ್ಟಿಯಾಗಿರುತ್ತದೆ. ಮಗಳು ಮೊದಲ ಸಲ ಮುಟ್ಟಿಕೊಂಡು, "ಅಮ್ಮಾ, ಇದೇನು ಕಡ್ಡಿ ಆಗಿಬಿಟ್ಟಿದೆ!" ಅಂತ ಗಾಬರಿಯಾಗಿದ್ದಳು. ಗಾಬರಿ ಬೇಡ. ಆ ಗಟ್ಟಿ ಪದರವೇ ಬೇಕಾದದ್ದು. ಇದನ್ನು ಕಾಸ್ಟ್ ಅನ್ನುತ್ತಾರೆ. ಬುಡದಲ್ಲೂ ಒಂದು ಚೂರೂ ತೇವ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಮೆಲ್ಲಗೆ ಹಿಸುಕಿ. ಪದರ ಒಡೆದು ಕೂದಲು ಮೆತ್ತಗಾಗುತ್ತದೆ, ಸುರುಳಿ ಹಾಗೇ ಉಳಿಯುತ್ತದೆ. ಅಂಗೈಗೆ ಎರಡು ಹನಿ ಎಣ್ಣೆ ಸವರಿಕೊಂಡು ಹಿಸುಕಿದರೆ ಇನ್ನೂ ನಯ. "ಜೆಲ್ ಹಾಕಿದರೆ ಕೂದಲು ಕಡ್ಡಿಯಾಗುತ್ತದೆ" ಅಂತ ಬಿಟ್ಟುಬಿಟ್ಟವರಿಗೆ ನಾನು ಕೇಳುವುದು ಒಂದೇ, ಆಮೇಲೆ ಹಿಸುಕಿದಿರಾ?

ಜೆಲ್ ಮೇಲೆ ನ್ಯಾಯವಾದ ದೂರು ಇನ್ನೊಂದಿದೆ, ಬಿಳಿ ಪುಡಿ. ನೋಡಿದವರು ತಲೆಹೊಟ್ಟು ಅಂದುಕೊಳ್ಳುತ್ತಾರೆ. ಇದು ಹೆಚ್ಚಾಗಿ ಆಗುವುದು ಕೆಳಗೆ ಹಚ್ಚಿದ ಲೀವ್-ಇನ್‌ಗೂ ಮೇಲೆ ಹಚ್ಚಿದ ಜೆಲ್‌ಗೂ ಹೊಂದದೇ ಇದ್ದಾಗ. ಕಂಡೀಷನರ್‌ಗಳಲ್ಲಿ ಧನ ವಿದ್ಯುದಂಶದ ವಸ್ತುಗಳಿರುತ್ತವೆ, ಕಾರ್ಬೋಮರ್‌ನದ್ದು ಋಣ. ಎರಡೂ ಸೇರಿದರೆ ಒಡೆದು ಕಾಳುಕಾಳಾಗುತ್ತದೆ. ಕೂದಲಿಗೆ ಹಾಕುವ ಮೊದಲೇ ಇದನ್ನು ತಿಳಿಯಬಹುದು. ಅಂಗೈಯಲ್ಲಿ ಒಂದು ಚಿಟಿಕೆ ಲೀವ್-ಇನ್, ಒಂದು ಚಿಟಿಕೆ ಜೆಲ್ ಹಾಕಿ ಬೆರಳಿನಿಂದ ಕಲಸಿ. ನುಣ್ಣಗೆ ಬೆರೆತರೆ ಸರಿ. ಮೊಸರು ಒಡೆದ ಹಾಗೆ ಆದರೆ ಆ ಜೋಡಿ ಬೇಡ. ಎರಡೂ ಬೇರೆಬೇರೆಯಾಗಿ ಒಳ್ಳೆಯವೇ ಇರಬಹುದು, ಒಟ್ಟಿಗೆ ಮಾತ್ರ ಬೇಡ.

ಗ್ಲಿಸರಿನ್ ಬಗ್ಗೆ ಒಂದು ಮಾತು. ಅದು ನೀರನ್ನು ಎಳೆದುಕೊಳ್ಳುವ ವಸ್ತು. ಹದವಾದ ಹವೆಯಲ್ಲಿ ಕೂದಲು ಮೆತ್ತಗಿರುತ್ತದೆ. ತೇವ ತೀರಾ ಜಾಸ್ತಿ ಇದ್ದಾಗ ಅದೇ ಗ್ಲಿಸರಿನ್ ಹವೆಯ ನೀರನ್ನೆಲ್ಲ ತಂದು ಕೂದಲನ್ನು ಉಬ್ಬಿಸುತ್ತದೆ. ಹಾಗಾಗಿ ನನ್ನ ಹತ್ತಿರ ಯಾವಾಗಲೂ ಎರಡು ಜೆಲ್ ಇರುತ್ತವೆ. ಪಟ್ಟಿಯಲ್ಲಿ ಗ್ಲಿಸರಿನ್ ಎರಡನೇ ಮೂರನೇ ಜಾಗದಲ್ಲಿ ಇರುವುದು ಒಂದು, ಅದು ಇಲ್ಲದ್ದು ಅಥವಾ ಕೊನೆಯಲ್ಲೆಲ್ಲೋ ಇರುವುದು ಇನ್ನೊಂದು. ಬೆಳಗ್ಗೆ ಕಿಟಕಿ ತೆಗೆದು ಹವೆ ನೋಡಿ ಡಬ್ಬಿ ಆರಿಸುತ್ತೇನೆ.

ಅಗಸೆಬೀಜದ ಜೆಲ್ ಮನೆಯಲ್ಲೇ ಮಾಡಬಹುದು. ಬೀಜವನ್ನು ನೀರಿನಲ್ಲಿ ಕುದಿಸಿ, ಲೋಳೆ ಬಿಟ್ಟ ಕೂಡಲೇ ಬಿಸಿಯಿರುವಾಗಲೇ ಸೋಸಬೇಕು. ತಣ್ಣಗಾದರೆ ಬಟ್ಟೆಯಿಂದ ಇಳಿಯುವುದೇ ಇಲ್ಲ. ತೆಳು ಎಳೆಗೆ ಇದು ಬಹಳ ಚೆಂದ. ಹೊಳಪು ಕೊಡುತ್ತದೆ, ಭಾರ ಆಗುವುದಿಲ್ಲ. ಹಿಡಿತ ಮಾತ್ರ ಅಂಗಡಿಯದಕ್ಕಿಂತ ಕಡಿಮೆ. ಅದರಲ್ಲಿ ಕೆಡದಂತೆ ಇಡುವ ವಸ್ತು ಏನೂ ಇಲ್ಲ. ಫ್ರಿಜ್ಜಿನಲ್ಲಿ ಇಡಿ, ಒಂದು ವಾರದಲ್ಲಿ ಮುಗಿಸಿ. ವಾಸನೆಯೋ ಬಣ್ಣವೋ ಬದಲಾದರೆ ಚೆಲ್ಲಿಬಿಡಿ.

ಇನ್ನು ಲೀವ್-ಇನ್. ಗುಂಗುರು ಕೂದಲಿನಲ್ಲಿ ನೆತ್ತಿಯ ಜಿಡ್ಡು ಸುರುಳಿ ಸುತ್ತಿಕೊಂಡು ತುದಿಯ ತನಕ ಇಳಿಯುವುದಿಲ್ಲ. ಬುಡ ಜಿಡ್ಡು, ತುದಿ ಒಣಒಣ. ಆ ತುದಿಗೆ ಬೇಕಾದದ್ದು ಲೀವ್-ಇನ್. ಬೆಹೆನ್‌ಟ್ರೈಮೋನಿಯಂ ಮೆಥೋಸಲ್ಫೇಟ್ ಅಂತ ಪಟ್ಟಿಯ ಮೇಲಿನ ಭಾಗದಲ್ಲಿ ಇದ್ದರೆ ಒಳ್ಳೆಯದು. ಹೆಸರಿನಲ್ಲಿ ಸಲ್ಫೇಟ್ ಇದೆ ಅಂತ ಹೆದರಿ ವಾಪಸ್ ಇಡುವವರನ್ನು ನೋಡಿದ್ದೇನೆ. ಅದು ನೊರೆ ಬರಿಸಿ ಜಿಡ್ಡು ತೆಗೆಯುವ ಸಲ್ಫೇಟ್ ಅಲ್ಲ, ಸಿಕ್ಕು ಬಿಡಿಸುವ ಕಂಡೀಷನಿಂಗ್ ವಸ್ತು. ಹಾಗೆಯೇ ಸೀಟೈಲ್ ಆಲ್ಕೋಹಾಲ್, ಸೀಟಿಯರಿಲ್ ಆಲ್ಕೋಹಾಲ್ ಕೂಡ ಕೂದಲನ್ನು ಒಣಗಿಸುವುದಿಲ್ಲ. ಅವು ಮೇಣದಂಥ ವಸ್ತುಗಳು, ನಯ ಕೊಡುತ್ತವೆ. ಪಟ್ಟಿಯ ಮೊದಲಲ್ಲೇ ಆಲ್ಕೋಹಾಲ್ ಡಿನ್ಯಾಟ್ ಅಂತ, ಅಂದರೆ ಬೇಗ ಆರಿ ಒಣಗಿಸುವ ಆಲ್ಕೋಹಾಲ್ ಇದ್ದರೆ ಮಾತ್ರ ಯೋಚಿಸಿ. ಬ್ಲೀಚ್ ಮಾಡಿಸಿದ ಕೂದಲಿಗೆ ಹೈಡ್ರೊಲೈಜ್ಡ್ ಪ್ರೋಟೀನ್ (ಸಣ್ಣ ಚೂರುಗಳಾಗಿ ಒಡೆದ ಪ್ರೋಟೀನ್) ಇರುವ ಲೀವ್-ಇನ್ ಸ್ವಲ್ಪ ಬಲ ಕೊಡುತ್ತದೆ. ಹಚ್ಚಿದ ಮೇಲೆ ಕೂದಲು ಹುಲ್ಲಿನಂತೆ ಬಿರುಸಾಗುತ್ತಾ ಬಂದರೆ ಕೆಲವು ವಾರ ನಿಲ್ಲಿಸಿ, ಪ್ರೋಟೀನ್ ಇಲ್ಲದ್ದಕ್ಕೆ ಬನ್ನಿ.

ಕರ್ಲ್ ಕ್ರೀಮ್‌ಗೆ ನನ್ನ ಕಪಾಟಿನಲ್ಲಿ ಜಾಗ ಇಲ್ಲ. ಲೀವ್-ಇನ್ ಮತ್ತು ಜೆಲ್ ಎರಡರ ಕೆಲಸವನ್ನೂ ಅದೊಂದೇ ಮಾಡುತ್ತದೆ ಅಂತ ಮಾರುತ್ತಾರೆ. ನನ್ನ ತೆಳು ಎಳೆಗೆ ಅದು ಭಾರ. ಸುರುಳಿ ಕೆಳಗೆ ಜಗ್ಗಿ, ನೆತ್ತಿ ಚಪ್ಪಟೆಯಾಗುತ್ತದೆ. ದಪ್ಪ ಎಳೆಯವರಿಗೆ ಹಿಡಿಸಬಹುದು. ಕ್ರೀಮ್ ಹಚ್ಚಿದರೂ ಮೇಲೆ ಜೆಲ್ ಬೇಕೇ ಬೇಕಾಗುತ್ತದೆ. ಅಂದ ಮೇಲೆ ಮೊದಲು ಜೆಲ್ ತಾನೇ? ಮೂಸ್ ಹಗುರ. ಅಲೆಕೂದಲಿನವರಿಗೆ, ತೀರಾ ತೆಳು ಎಳೆಯವರಿಗೆ ಚೆನ್ನಾಗಿರುತ್ತದೆ. ಬೇರೆಯವರು ಬಿಟ್ಟರೂ ನಷ್ಟವಿಲ್ಲ.

ಮಗಳ ಕೂದಲಿನಲ್ಲಿ ಲೆಕ್ಕ ಬೇರೆ. 4ನೇ ಬಗೆಯ ಕೂದಲು ಒಣಗಿದಾಗ ತನ್ನ ಉದ್ದದ ಅರ್ಧಕ್ಕಿಂತ ಜಾಸ್ತಿ ಕುಗ್ಗಬಹುದು, ತೀರಾ ಬಿಗಿ ಇದ್ದರೆ ಮುಕ್ಕಾಲು ಪಾಲಿನಷ್ಟೂ. ಒದ್ದೆಯಿದ್ದಾಗ ಭುಜ ಮುಟ್ಟುವ ಕೂದಲು ಒಣಗಿದ ಮೇಲೆ ಕಿವಿ ಹತ್ತಿರ ಬಂದು ನಿಲ್ಲುತ್ತದೆ. ಕೂದಲು ಬೆಳೆಯುತ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳುವ ಮಕ್ಕಳಿಗೆ ಇದನ್ನು ಎಳೆದು ತೋರಿಸಬೇಕು. ನಾನು ತೋರಿಸಿದ ದಿನ ಅವಳ ಮುಖ ಅರಳಿತ್ತು. ಎಳೆ ತಿರುಗುವ ಪ್ರತಿ ಜಾಗವೂ ಮುರಿಯಬಹುದಾದ ಜಾಗ. ಅದಕ್ಕೇ ಇಂಥ ಕೂದಲು ನೋಡಲು ದಪ್ಪವಾಗಿ ಕಂಡರೂ ಬಹಳ ನಾಜೂಕು. ಇಲ್ಲಿ ಜೆಲ್‌ಗಿಂತ ಮೊದಲು ತೇವ ಬೇಕು. ಒದ್ದೆ ಕೂದಲಿಗೆ ಲೀವ್-ಇನ್, ಅದರ ಮೇಲೆ ಗಟ್ಟಿ ಕ್ರೀಮ್, ಕೊನೆಗೆ ತುದಿಗಳಿಗೆ ಸ್ವಲ್ಪ ಶಿಯಾ ಬಟರ್. ನನ್ನ ತಲೆಗೆ ಆಗದ ಕ್ರೀಮ್ ಅವಳ ತಲೆಗೆ ಅಮೃತ. ಎಣ್ಣೆ, ಬಟರ್ ಇವು ತಾವೇ ತೇವ ಕೊಡುವುದಿಲ್ಲ, ಒಳಗಿರುವ ನೀರು ಬೇಗ ಆರದಂತೆ ತಡೆಯುತ್ತವೆ. ಒಣ ಕೂದಲಿಗೆ ಬಟರ್ ಮೆತ್ತಿದರೆ ಮೇಲೆ ಜಿಡ್ಡು, ಒಳಗೆ ಒಣ.

ಅವಳಿಗೆ ಸಿಕ್ಕು ಬಿಡಿಸುವುದು ಯಾವಾಗಲೂ ಕಂಡೀಷನರ್ ಇರುವಾಗಲೇ. ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಶುರು, ಮೆಲ್ಲಗೆ ಬುಡಕ್ಕೆ. ಆಮೇಲೆ ಎರಡೆರಡು ಎಸಳು ತಿರುಚಿ ರಾತ್ರಿ ಬಿಡುತ್ತೇನೆ, ಬೆಳಗ್ಗೆ ಬಿಚ್ಚಿದರೆ ಉದ್ದನೆಯ ಚೆಂದದ ಸುರುಳಿ. ಇಲ್ಲಿ ಜೆಲ್ ತಿರುಚುವ ಮುಂಚೆ ಒಂದು ತೆಳು ಲೇಪ ಅಷ್ಟೇ. ಬಿಗಿಯಾಗಿ ಎಳೆದು ಕಟ್ಟಬೇಡಿ. ದಿನಾ ಬಿಗಿ ಜಡೆ, ಬಿಗಿ ಜುಟ್ಟು ಹಾಕಿದರೆ ಹಣೆಯ ಅಂಚಿನ ಕೂದಲು ಉದುರುತ್ತದೆ. ತುಂಬಾ ಕಾಲ ಹಾಗೇ ಬಿಟ್ಟರೆ ಮತ್ತೆ ಹುಟ್ಟದೇ ಹೋಗಬಹುದು. ನೋವಾಗುತ್ತಿದೆ ಅಂತ ಮಗು ಹೇಳಿದರೆ ಅಲ್ಲೇ ಸಡಿಲಿಸಿ.

ಎಣ್ಣೆಯಲ್ಲಿ ತೆಂಗಿನೆಣ್ಣೆಗೆ ಪುರಾವೆ ಚೆನ್ನಾಗಿದೆ. ಅದನ್ನು ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಜೊತೆ ಹೋಲಿಸಿದ 2003ರ ಒಂದು ಅಧ್ಯಯನದಲ್ಲಿ ಕೂದಲಿನ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದರ ಲಾರಿಕ್ ಆಮ್ಲ ಎಳೆಯ ಒಳಗೆ ಇಳಿಯುತ್ತದೆ. ನಾನು ಅದನ್ನು ತೊಳೆಯುವ ಮುಂಚೆ ಹಚ್ಚುತ್ತೇನೆ, ತೊಳೆದ ಮೇಲೆ ಅಲ್ಲ. ತಲೆಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಹಚ್ಚದಿರುವುದು ಮೇಲು. ಹೊಟ್ಟಿಗೆ ಕಾರಣವಾಗುವ ಮಲಸೇಝಿಯಾ ಅನ್ನುವ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ.

ಎಳೆಯ ಮೇಲೆ ನಯವಾದ ಪದರ ಕಟ್ಟುವ ಸಿಲಿಕೋನ್ ಅಂದರೆ ವಿಷ ಅನ್ನುವಂತೆ ಮಾತಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡೈಮೆಥಿಕೋನ್ ಅನ್ನುವ ಸಿಲಿಕೋನ್ ನೀರಿನಲ್ಲಿ ಕರಗುವುದಿಲ್ಲ ನಿಜ. ಬರೀ ಕಂಡೀಷನರ್‌ನಲ್ಲೇ ತಲೆ ತೊಳೆಯುವವರಿಗೆ ಅದು ಪದರದ ಮೇಲೆ ಪದರ ಕೂರಬಹುದು. ಆಗಾಗ ಶಾಂಪೂ ಹಾಕುವವರಿಗೆ ಚಿಂತೆ ಇಲ್ಲ, ಸಿಕ್ಕು ಕಡಿಮೆ ಮಾಡುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ಅಮೋಡೈಮೆಥಿಕೋನ್ ಅನ್ನುವ ಇನ್ನೊಂದು ಸಿಲಿಕೋನ್ ಹಾಳಾದ ಜಾಗಕ್ಕೇ ಜಾಸ್ತಿ ಅಂಟುತ್ತದೆ, ಬಣ್ಣ ಹಾಕಿಸಿದ ಕೂದಲಿಗೆ ಒಳ್ಳೆಯದು. ಇನ್ನು ಜೆಲ್ ಡಬ್ಬಿಯ ಮೇಲೆ "ಸಲ್ಫೇಟ್ ಇಲ್ಲ" ಅಂತ ಬರೆದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ. ನೊರೆ ಬರಿಸುವ ಸಲ್ಫೇಟ್ ಇರುವುದು ಶಾಂಪೂವಿನಲ್ಲಿ, ಜೆಲ್ಲಿಗೆ ಅದನ್ನು ಹಾಕುವ ಕಾರಣವೇ ಇಲ್ಲ.

ಜೆಲ್ ಹಚ್ಚುವವರು ತೊಳೆಯುವುದನ್ನು ತಪ್ಪಿಸಬಾರದು. ಮಾಮೂಲಿ ದಿನಕ್ಕೆ ಕೊಕಾಮಿಡೋಪ್ರೊಪೈಲ್ ಬೀಟೈನ್‌ನಂಥ ಮೃದು ವಸ್ತುವಿನ ಶಾಂಪೂ ಸಾಕು. ಸುರುಳಿ ಇದ್ದಕ್ಕಿದ್ದಂತೆ ಜೋತುಬಿದ್ದರೆ, ಯಾವ ಜೆಲ್ಲೂ ನಿಲ್ಲದೇ ಹೋದರೆ, ಹೊಸ ಡಬ್ಬಿ ಕೊಳ್ಳುವ ಮುಂಚೆ ಒಮ್ಮೆ ಕ್ಲಾರಿಫೈಯಿಂಗ್ ಶಾಂಪೂ, ಅಂದರೆ ಕೂತ ಪದರಗಳನ್ನು ತೆಗೆಯುವ ಶಾಂಪೂ ಹಾಕಿ ನೋಡಿ. ಗಡಸು ನೀರಿನ ಮನೆಯಲ್ಲಿ ಕ್ಯಾಲ್ಸಿಯಂ ಕೂದಲಿನ ಮೇಲೆ ಕೂರುತ್ತದೆ. ಅದಕ್ಕೆ ಆ ಕ್ಯಾಲ್ಸಿಯಂ ಹಿಡಿದು ತೆಗೆಯುವ ಇಡಿಟಿಎ ಇರುವ ಕೀಲೇಟಿಂಗ್ ಶಾಂಪೂ ಬೇಕು. ನನ್ನ ಕೂದಲು ಸತ್ತ ಹಾಗೆ ಬಿದ್ದುಕೊಂಡಿದ್ದ ಒಂದು ಕಾಲದಲ್ಲಿ ಸುರುಳಿ ವಾಪಸ್ ತಂದದ್ದು ಇದೇ.

ಸುಗಂಧದ ಬಗ್ಗೆ ನಾನು ತುಂಬಾ ಕಟ್ಟುನಿಟ್ಟು. ಈ ಸಾಮಾನೆಲ್ಲ ತೊಳೆಯದೆ ಬಿಡುವಂಥವು, ದಿನವಿಡೀ ಕುತ್ತಿಗೆ, ಹಣೆ, ಕಿವಿಗೆ ತಾಗುತ್ತಲೇ ಇರುತ್ತವೆ. ಮಗಳಿಗೆ ಒಂದು ಕ್ರೀಮ್‌ನಿಂದ ಕುತ್ತಿಗೆ ಕೆಂಪಾಗಿ ತುರಿಸಿದ ಮೇಲೆ ಸುಗಂಧ ಇಲ್ಲದ್ದೇ ತರುತ್ತೇನೆ. ಯಾವುದೇ ಹೊಸದಾದರೂ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ. ಲೇಬಲ್ ಮೇಲಿನ ತೆರೆದ ಡಬ್ಬಿಯ ಚಿತ್ರದಲ್ಲಿ 12M ಅಂತ ಬರೆದಿದ್ದರೆ ಮುಚ್ಚಳ ತೆಗೆದ ಮೇಲೆ 12 ತಿಂಗಳು ಬಳಸಬಹುದು ಅಂತ ಅರ್ಥ. ಸಣ್ಣ ಪ್ಯಾಕೇ ಕೊಳ್ಳಿ. ಒಂದು ಸಲಕ್ಕೆ ಒಂದೇ ಹೊಸ ವಸ್ತು ಬದಲಿಸಿ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಮಾರನೆಯ ದಿನಕ್ಕೆ ಮತ್ತೆ ಡಬ್ಬಿ ತೆಗೆಯಬೇಕಾಗಿಲ್ಲ. ರಾತ್ರಿ ಸ್ಯಾಟಿನ್ ದಿಂಬಿನ ಕವರ್ ಹಾಕಿ, ಕೂದಲನ್ನು ನೆತ್ತಿಯ ಮೇಲೆ ಸಡಿಲವಾಗಿ ಕಟ್ಟಿ ಮಲಗಿ. ಬೆಳಗ್ಗೆ ಕೈ ಒದ್ದೆ ಮಾಡಿಕೊಂಡು ಕೆದರಿದ ಗೊಂಚಲಿಗೆ ಮಾತ್ರ ಸವರಿ ಹಿಂಡಿ. ನಿನ್ನೆಯ ಜೆಲ್ ಇನ್ನೂ ಕೂದಲಲ್ಲೇ ಇದೆ, ನೀರು ತಾಗಿದರೆ ಮತ್ತೆ ಹಿಡಿದುಕೊಳ್ಳುತ್ತದೆ.